ಒಬ್ಬಳೇ ಹೋದ್ಯಾ? ಅದೂ ರೈಲಲ್ಲಿ?

ವಿಯೆಟ್ನಾಂನಿಂದ ಬಂದು ವರ್ಷವಾಗುತ್ತಾ ಬಂತು. ಫೋಟೋ ನೋಡಿದವರೆಲ್ಲ ಕೇಳುವುದು ಇದನ್ನೇ. ಅತ್ತೆ ಕೇಳಿದರು, ಆಫೀಸಿನಲ್ಲಿ ಕೇಳಿದರು, ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಕನ್ನಡಿ ಹಿಡಿದುಕೊಂಡೇ ಕೇಳಿದರು. "ಹನೋಯಿಂದ ಡಾ ನಾಂಗ್‌ಗೆ ವಿಮಾನದಲ್ಲಿ ಒಂದೂವರೆ ಗಂಟೆ ತಾನೇ? ಭಾಷೆ ಬರಲ್ಲ, ಜೊತೆಗೆ ಯಾರೂ ಇಲ್ಲ. ರಾತ್ರಿಯಿಡೀ ರೈಲಲ್ಲಿ ಯಾಕೆ?"

ಸುಮ್ನೆ "ಇಷ್ಟ, ಅದಕ್ಕೆ" ಅಂದರೆ ಯಾರೂ ಬಿಡುವುದಿಲ್ಲ. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಯುತ್ತದೆ ಎನ್ನುವುದು ನಾನು ಅತ್ತೆಗೆ ಕೊಟ್ಟ ಕಾರಣ. ಅವರು ಒಪ್ಪಿಕೊಂಡರು. ಆದರೆ ಅದು ನೆಪ.

ನಿಜವಾದ ಕಾರಣ ಸಂಜೆ. ಒಬ್ಬರೇ ಊರು ಸುತ್ತುವವರಿಗೆ ಹಗಲು ಕಷ್ಟವಲ್ಲ. ಗುಡಿ, ಮಾರ್ಕೆಟ್ಟು, ಕೆರೆ ದಂಡೆ ಅಂತ ಹೇಗೋ ಕಳೆಯುತ್ತದೆ. ಆರು ಗಂಟೆಯಾಗಿ ದೀಪ ಹತ್ತಿದ ಮೇಲೆ ಶುರು. ಊರಿನವರೆಲ್ಲ ಎಲ್ಲಿಗೋ ಹೊರಟಿರುತ್ತಾರೆ. ನಮಗೆ ಹೋಗಬೇಕಾದ ಜಾಗವೇ ಇಲ್ಲ. ಹನೋಯಲ್ಲಿ ಮೂರು ಸಂಜೆ ಕಳೆದೆ. ಫುಟ್‌ಪಾತಿನ ಮೇಲೆ ಪುಟ್ಟ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಜನ ಗುಂಪುಗುಂಪಾಗಿ ಕೂತಿರುತ್ತಾರೆ. ಒಬ್ಬಳೇ ನಿಂತರೆ ಅಂಗಡಿಯಾಕೆ ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಾರಾ ಅಂತ ನೋಡುತ್ತಾಳೆ. ಮೂರನೇ ಸಂಜೆ ಎಂಟಕ್ಕೇ ರೂಮಿಗೆ ಬಂದು, ಮನೆಯಿಂದ ತಂದ ಚಕ್ಕುಲಿ ತಿಂದು ಮಲಗಿದೆ. ಆ ಮಾತು ಫೋಟೋದಲ್ಲಿ ಇಲ್ಲ.

ರಾತ್ರಿ ರೈಲಿನಲ್ಲಿ ಈ ಸಮಸ್ಯೆಯೇ ಇಲ್ಲ. ಏಳು ಗಂಟೆಗೆ ನನಗೆ ಒಂದು ಸ್ಟೇಷನ್ನು, ಒಂದು ಬೋಗಿ, ಒಂದು ನಂಬರಿನ ಬರ್ತು. ಎಲ್ಲರ ಹಾಗೆ ನಾನೂ ಎಲ್ಲಿಗೋ ಹೊರಟವಳು.

ನಾಲ್ಕನೇ ಸಂಜೆ ಸ್ಟೇಷನ್ನಿಗೆ ಬೇಗನೇ ಹೋದೆ. ಹನೋಯ್ ಸ್ಟೇಷನ್ನಿನ ಎದುರು ನಿಂತು ನೋಡಿದರೆ ಏನೋ ಸರಿಯಿಲ್ಲ ಅನಿಸುತ್ತದೆ. ಎಡಕ್ಕೂ ಬಲಕ್ಕೂ ಫ್ರೆಂಚರ ಕಾಲದ ಚಂದದ ಕಟ್ಟಡ, ನಡುವೆ ಮಾತ್ರ ಸಿಮೆಂಟಿನ ಡಬ್ಬ. 1972ರಲ್ಲಿ ಅಮೆರಿಕದ ಬಾಂಬು ಬಿದ್ದು ನಡುವಿನ ಭಾಗ ಹೋಯಿತು. 1976ರಲ್ಲಿ ಮತ್ತೆ ಕಟ್ಟಿದರು. ಮೊದಲಿನ ಹಾಗೇ ಕಾಣಿಸಬೇಕು ಅಂತ ಅವರು ತಲೆ ಕೆಡಿಸಿಕೊಳ್ಳದೇ ಇದ್ದದ್ದು ನನಗೆ ಸರಿ ಅನಿಸಿತು.

ಸ್ಟೇಷನ್ನಿಗೆ ಅವರು 'ಗಾ' ಅನ್ನುತ್ತಾರೆ. ಫ್ರೆಂಚಿನ 'ಗಾರ್' ಸವೆದು ಆದ ಮಾತು. ಸ್ವಲ್ಪ ರಾಗ ಇಳಿಸಿ 'ಗಾ' ಅಂದರೆ ಕೋಳಿ. ನನ್ನ ಬಾಯಲ್ಲಿ ಎರಡೂ ಒಂದೇ. ರೈಲಿನೊಳಗೆ ತಳ್ಳುಗಾಡಿಯವಳು ಬಂದು "ಗಾ? ಗಾ?" ಅಂದಾಗ ಯಾವುದೋ ಸ್ಟೇಷನ್ ಬಂತೆಂದು ಎದ್ದು ಕೂತೆ. ಅವಳ ಕೈಯಲ್ಲಿ ಅನ್ನ, ಕೋಳಿ ಇತ್ತು. "ಅನ್ ಚೈ" ಅಂದೆ. ಸಸ್ಯಾಹಾರಿ ಅಂತ ಅರ್ಥ, ನಮ್ಮ ಚಹಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅವಳು ಅಯ್ಯೋ ಪಾಪ ಅನ್ನುವ ಮುಖ ಮಾಡಿ ಮುಂದೆ ಹೋದಳು.

ನಾಲ್ಕು ಬರ್ತಿನ ಕ್ಯಾಬಿನ್. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಅಂತ ಇರಲಿಲ್ಲ. ನಾನು ಒಂದು ವೆಬ್‌ಸೈಟಿನ ಮೂಲಕ ಕೆಳಗಿನ ಬರ್ತಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೆ, ಸಿಕ್ಕಿದ್ದು ಮೇಲಿನದು. ನನ್ನೆದುರಿನ ಮೇಲಿನ ಬರ್ತಿನ ಹುಡುಗ ಬಂದವನೇ ಗೋಡೆಗೆ ಮುಖ ಮಾಡಿ ಮಲಗಿದ, ಬೆಳಗಿನವರೆಗೂ ಈ ಕಡೆ ತಿರುಗಲಿಲ್ಲ. ಕೆಳಗೆ ಒಬ್ಬ ಅಜ್ಜಿ ಮತ್ತು ಏಳೆಂಟು ವರ್ಷದ ಮೊಮ್ಮಗ. ಬಾಗಿಲಿಗೆ ಒಳಗಿನಿಂದ ಚಿಲಕ. ಭಯ ಆಗಲಿಲ್ವಾ ಅಂತ ಕೇಳುವವರಿಗೆ ಹೇಳುವುದು ಇಷ್ಟೇ: ಆಯಿತು, ಆದರೆ ನಿದ್ದೆಯಲ್ಲಿ ನನ್ನ ಸ್ಟೇಷನ್ ದಾಟಿಹೋದರೆ ಅಂತ.

ರೈಲು ಹೊರಟು ಹತ್ತು ನಿಮಿಷವಾಗಿರಬೇಕು. ಅಜ್ಜಿ ನನ್ನನ್ನು ನೋಡಿ ಒಂದು ಬೆರಳು ಎತ್ತಿದರು. ಹುಬ್ಬೂ ಎತ್ತಿದರು. ಒಬ್ಬಳೇನಾ?

ಅಲ್ಲೂ ಬಿಡಲಿಲ್ಲ ನೋಡಿ ಈ ಪ್ರಶ್ನೆ.

ನಾನೂ ಒಂದು ಬೆರಳು ಎತ್ತಿದೆ. ಅವರು ಮೊಮ್ಮಗನನ್ನು ಕಿಟಕಿಯ ಕಡೆ ಸರಿಸಿ, ಖಾಲಿಯಾದ ಜಾಗವನ್ನು ಕೈಯಿಂದ ತಟ್ಟಿದರು. ಇಳಿದು ಕೂತೆ. ಅಜ್ಜಿ ಚೀಲದಿಂದ ಒಂದು ಚಕ್ಕೋತ ತೆಗೆದರು. ಚೂರಿಯಲ್ಲಿ ಸಿಪ್ಪೆ ಸೀಳಿ, ಹೂವಿನ ಹಾಗೆ ಬಿಡಿಸಿ, ಆ ಬಿಳಿ ಬೆಂಡನ್ನೆಲ್ಲ ಕಿತ್ತರು. ಆಮೇಲೆ ತೊಳೆ ತೊಳೆಯ ಮೇಲಿನ ಪೊರೆಯನ್ನೂ ಉಗುರಲ್ಲಿ ಸುಲಿದರು. ಒಂದು ಹರಳೂ ಒಡೆಯಲಿಲ್ಲ. ಕಾಗದದ ಪೊಟ್ಟಣ ಬಿಚ್ಚಿದರೆ ಒಳಗೆ ಉಪ್ಪು ಖಾರ. ನಮ್ಮಲ್ಲಿ ಚಕ್ಕೋತ ತಿನ್ನುವುದೂ ಹೀಗೇ ಅಲ್ವಾ! ಅದನ್ನು ಹೇಳೋಣ ಅಂದರೆ ಭಾಷೆಯಿಲ್ಲ. ಹಣ್ಣು ತೋರಿಸಿ "ಚಕ್ಕೋತ" ಅಂದೆ. ಮೊಮ್ಮಗ "ಚಕ್ಕೋ" ಅಂತ ಶುರು ಮಾಡಿದವನು ಮಲಗುವವರೆಗೂ ನಿಲ್ಲಿಸಲಿಲ್ಲ.

ಗಂಡ? ಮಕ್ಕಳು ಎಷ್ಟು? ಎಲ್ಲವನ್ನೂ ಬೆರಳಲ್ಲೇ ಕೇಳಿದರು, ಬೆರಳಲ್ಲೇ ಹೇಳಿದೆ. ಒಬ್ಬಳೇ ಯಾಕೆ ಅಂತ ಮಾತ್ರ ಕೇಳಲಿಲ್ಲ. ಅದಕ್ಕೆ ಬೆರಳಿನ ಸನ್ನೆ ಇಲ್ಲದೇ ಇದ್ದದ್ದೂ ಕಾರಣವಿರಬಹುದು.

ಆ ದಾರಿಯ ಹಳಿ ಇವತ್ತಿಗೂ ಮೀಟರ್ ಗೇಜು, ಒಂದೇ ಮೀಟರ್ ಅಗಲ. ಮಲಗಿದ ಕೂಡಲೇ ಗೊತ್ತಾಯಿತು. ನಾನು ಸಕಲೇಶಪುರದ ಕಡೆಯವಳು. ಹಾಸನ–ಮಂಗಳೂರಿನ ಮೀಟರ್ ಗೇಜ್ ರೈಲು 1996ರಲ್ಲಿ ನಿಲ್ಲುವವರೆಗೂ ಅದರಲ್ಲಿ ಓಡಾಡಿದವಳು. ಆ ಪಕ್ಕಕ್ಕೆ ತೂಗುವ ಅಲುಗಾಟ ಮೈಗೆ ನೆನಪಿರುತ್ತದೆ. ನಡೆದಾಡುವ ಓಣಿ ಎಷ್ಟು ಸಣ್ಣದೆಂದರೆ, ಎದುರು ಯಾರಾದರೂ ಬಂದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಡಾ ನಾಂಗ್‌ಗಿಂತ ಮುಂಚೆ ನಾನು ಇಳಿಯಬೇಕಿದ್ದದ್ದು ಹುಯೆ ಊರಿನಲ್ಲಿ. ಹನೋಯಿಂದ ಅಲ್ಲಿಗೆ 688 ಕಿಲೋಮೀಟರ್. ಹದಿಮೂರು ಹದಿನಾಲ್ಕು ಗಂಟೆ ಹಿಡಿಯುತ್ತದೆ. ಅವಸರ ಇದ್ದವರು ದಯವಿಟ್ಟು ವಿಮಾನದಲ್ಲೇ ಹೋಗಿ.

ಡಾಂಗ್ ಹೋಯ್‌ನಲ್ಲಿ ಅಜ್ಜಿ ಇಳಿದರು. ಅರೆನಿದ್ದೆಯಲ್ಲಿ ನೋಡಿದೆ. ಮೊಮ್ಮಗ ಹೆಗಲ ಮೇಲೆ, ಚೀಲ ಕೈಯಲ್ಲಿ. ಉಳಿದ ಉಪ್ಪು ಖಾರದ ಪೊಟ್ಟಣ ನನ್ನ ಚಪ್ಪಲಿಯ ಪಕ್ಕ ಇಟ್ಟು ಹೋಗಿದ್ದರು.

ಆಮೇಲೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ನಕ್ಷೆ ತೆರೆದು ಬೆನ್ ಹಾಯ್ ನದಿಗೆ ಕಾದೆ. 1954ರಲ್ಲಿ ದೇಶ ಎರಡಾದಾಗ ಈ ನದಿಯೇ ಗಡಿ. ಫ್ರೆಂಚರು ಹನೋಯಿಂದ ಸಾಯಿಗಾನ್‌ವರೆಗೆ 1,726 ಕಿಲೋಮೀಟರ್ ಹಳಿ ಹಾಕಿ ಮುಗಿಸಿದ್ದು 1936ರಲ್ಲಿ. ಹದಿನೆಂಟೇ ವರ್ಷಕ್ಕೆ ಅದು ನಡುವೆ ತುಂಡಾಯಿತು. ಯುದ್ಧ ಮುಗಿದ ಮೇಲೆ ಸೇತುವೆಗಳನ್ನೆಲ್ಲ ರಿಪೇರಿ ಮಾಡಿ, 1976ರ ಡಿಸೆಂಬರ್ 31ರಂದು ಮತ್ತೆ ಉದ್ದಕ್ಕೂ ರೈಲು ಬಿಟ್ಟರು. ಅಷ್ಟೆಲ್ಲ ಓದಿಕೊಂಡು ಹೋಗಿದ್ದೆ. ನದಿ ಬಂತು. ಸೇತುವೆಯ ಕಬ್ಬಿಣ ಕಿಟಕಿಯ ಮುಂದೆ ಪಟಪಟ ಹಾದುಹೋಯಿತು, ಕೆಳಗೆ ಮಣ್ಣುಬಣ್ಣದ ನೀರು, ಮುಗಿಯಿತು. ಕ್ಯಾಬಿನ್‌ನ ಹುಡುಗ ಗೊರಕೆ ಹೊಡೆಯುತ್ತಿದ್ದ. ವಿಮಾನದಲ್ಲಿ ಹೋಗಿದ್ದರೆ ಆ ನದಿ ಇಷ್ಟು ಸಣ್ಣದು ಅಂತ ನನಗೆ ಗೊತ್ತಾಗುತ್ತಿರಲಿಲ್ಲ.

ಹುಯೆಯಲ್ಲಿ ಎರಡು ದಿನ ಇದ್ದೆ. ಅರಮನೆ ನೋಡಿದೆ, ಮಳೆಯಲ್ಲಿ ನೆನೆದೆ. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಅಲ್ಲಿಂದ ಡಾ ನಾಂಗ್‌ಗೆ ಹಗಲು ರೈಲು, ನೂರು ಚಿಲ್ಲರೆ ಕಿಲೋಮೀಟರ್. ನಡುವೆ ಹಾಯ್ ವಾನ್ ಘಾಟಿ. ಹೆಸರಿನ ಅರ್ಥವೇ ಕಡಲು, ಮೋಡ. ರಸ್ತೆಗೆ 2005ರಲ್ಲಿ ಆರು ಕಿಲೋಮೀಟರಿಗಿಂತ ಉದ್ದದ ಸುರಂಗ ಮಾಡಿದ್ದಾರೆ, ಬಸ್ಸು ಕಾರು ಒಳಗಿಂದಲೇ ಆಚೆ ಹೋಗುತ್ತವೆ. ರೈಲು ಮಾತ್ರ ಇವತ್ತಿಗೂ ಬೆಟ್ಟದ ಅಂಚು ಹಿಡಿದು, ಸಮುದ್ರದ ಮಗ್ಗುಲಲ್ಲೇ ತೆವಳುತ್ತದೆ. ಹೋಗುವವರಿದ್ದರೆ ಎಡಗಡೆ ಸೀಟು ಕೇಳಿ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಥರವೇ ತಿರುವು, ಸುರಂಗ, ಹಸಿರು. ಆದರೆ ನಮ್ಮಲ್ಲಿ ಸುರಂಗ ದಾಟಿದರೆ ಮತ್ತೆ ಕಾಡು. ಇಲ್ಲಿ ಕತ್ತಲಿಂದ ಹೊರಬಂದ ಕೂಡಲೇ ಕಾಲ ಕೆಳಗೆ ನೀಲಿ. ತಿರುವಿನಲ್ಲಿ ನಮ್ಮದೇ ಎಂಜಿನ್ ಮುಂದೆ ಕಾಣುತ್ತದೆ. ಚಿಕ್ಕವಳಿದ್ದಾಗ ಅದನ್ನು ನೋಡಲೆಂದೇ ಕಿಟಕಿಗೆ ಜಗಳ ಆಡುತ್ತಿದ್ದೆವು. ಇಲ್ಲಿ ಜಗಳಕ್ಕೆ ಯಾರೂ ಇರಲಿಲ್ಲ. ಆ ಅರ್ಧ ಗಂಟೆ ಮಾತ್ರ, ಪಕ್ಕದಲ್ಲಿ ತಂಗಿ ಇರಬೇಕಿತ್ತು ಅನಿಸಿದ್ದು ನಿಜ.

ಡಾ ನಾಂಗ್‌ನಲ್ಲಿ ಹಳಿ ಮುಂದಕ್ಕೆ ಹೋಗುವುದಿಲ್ಲ. ಎಂಜಿನ್ ಬಿಚ್ಚಿ ಹಿಂದಿನ ತುದಿಗೆ ಜೋಡಿಸುತ್ತಾರೆ, ರೈಲು ಬಂದ ದಿಕ್ಕಿಗೇ ಹೊರಟು ಆಮೇಲೆ ದಕ್ಷಿಣಕ್ಕೆ ಹೊರಳುತ್ತದೆ. ಬ್ಯಾಗು ಕಾಲಬಳಿ ಇಟ್ಟುಕೊಂಡು ಅದನ್ನೇ ನೋಡುತ್ತಾ ನಿಂತೆ. ಒಳಗಿನ ಜನ ನೂಡಲ್ಸಿಗೆ ಬಿಸಿನೀರು ಹಿಡಿಯುತ್ತಿದ್ದರು. ರೈಲು ಹೋಯಿತು. ಗಡಿಯಾರ ನೋಡಿದರೆ ಎರಡು ಗಂಟೆ. ಸಂಜೆಗೆ ಇನ್ನೂ ನಾಲ್ಕು ಗಂಟೆ ಇತ್ತು. ಹೊರಗೆ ಹೋಗುವ ಮುಂಚೆ ಟಿಕೆಟ್ ಕೌಂಟರಿನ ಮುಂದೆ ನಿಂತು, ಸಾಯಿಗಾನ್‌ಗೆ ರಾತ್ರಿ ರೈಲು ಎಷ್ಟು ಹೊತ್ತಿಗೆ ಅಂತ ಕೈಸನ್ನೆಯಲ್ಲಿ ಕೇಳಿದೆ. ಕೌಂಟರಿನಾಕೆ ಒಂದು ಬೆರಳು ಎತ್ತಿದಳು.