ಕತ್ತಲ ಹಾಲ್‌ನಲ್ಲಿ ರಿಮೋಟ್: ಟಚ್‌ಸ್ಕ್ರೀನೋ, ಬಟನ್ನೋ?

ಟಿವಿ, ಸೌಂಡ್ ಸಿಸ್ಟಮ್, ಡಿಟಿಎಚ್ ಎಲ್ಲವನ್ನೂ ಒಂದರಿಂದಲೇ ನಡೆಸುವ ಯೂನಿವರ್ಸಲ್ ರಿಮೋಟ್ ಕೊಳ್ಳುವವರ ಪ್ರಶ್ನೆ ಇದು. ಸಿನಿಮಾ ಒಮ್ಮೆ ಶುರುವಾಯಿತೆಂದರೆ ರಿಮೋಟ್‌ಗೆ ಉಳಿಯುವ ಕೆಲಸ ಬಹಳ ಕಡಿಮೆ. ವಾಲ್ಯೂಮ್ ಏರಿಸುವುದು, ಇಳಿಸುವುದು, ಮ್ಯೂಟ್, ಪಾಜ್, ನಾಲ್ಕು ಬಾಣ, ನಡುವಿನ ಓಕೆ, ಬ್ಯಾಕ್. ಅಲ್ಲಿಗೆ ಹತ್ತು ಬಟನ್ ಆಯಿತು. ಈ ಹತ್ತನ್ನು ಟಿವಿಯಿಂದ ಕಣ್ಣು ಕೀಳದೆ, ಹೆಬ್ಬೆರಳೊಂದರಲ್ಲೇ ಒತ್ತಲು ಬರಬೇಕು. ಬರದಿದ್ದರೆ ಆ ರಿಮೋಟ್ ಎಷ್ಟು ಸಾವಿರದ್ದೇ ಆಗಿರಲಿ, ವಾರದೊಳಗೆ ಸೋಫಾದ ಸಂದಿ ಸೇರುತ್ತದೆ, ಹಳೆಯ ಮೂರು ರಿಮೋಟ್‌ಗಳು ಟೀಪಾಯಿ ಮೇಲೆ ವಾಪಸ್ ಬರುತ್ತವೆ. ಹಾಗಾಗಿ ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ದಿನಬಳಕೆಗೆ ಬಟನ್ ಇರುವ ರಿಮೋಟೇ ಸರಿ. ಅದರಲ್ಲೊಂದು ಪುಟ್ಟ ಪರದೆ ಇದ್ದರೆ ಇನ್ನೂ ಒಳ್ಳೆಯದು. ಬರೀ ಟಚ್‌ಸ್ಕ್ರೀನನ್ನೇ ನಂಬಿ ಕೂರಬೇಡಿ.

ಟಚ್‌ಸ್ಕ್ರೀನಿನ ತೊಂದರೆ ಬರೀ ಬೆರಳಿನದ್ದಲ್ಲ. ಮೊದಲು ಅದು ನಿದ್ದೆಯಿಂದ ಏಳಬೇಕು, ಎದ್ದು ಸರಿಯಾದ ಪುಟ ತೋರಿಸಬೇಕು, ನೀವು ನೋಡಿ ಒತ್ತಬೇಕು. ಅಷ್ಟು ಹೊತ್ತಿಗೆ ಕತ್ತಲಿಗೆ ಒಗ್ಗಿದ್ದ ಕಣ್ಣಿಗೆ ಆ ಬೆಳಕು ಚುಚ್ಚಿರುತ್ತದೆ, ಪಕ್ಕದಲ್ಲಿ ಕೂತವರಿಗೂ ಸೇರಿಸಿ. ಫೋನನ್ನೇ ರಿಮೋಟ್ ಮಾಡಿಕೊಂಡರೆ ಲಾಕ್ ತೆಗೆಯುವ ಕೆಲಸ ಬೇರೆ. ಪಾಜ್ ಒತ್ತಲು ಹೋದವರು ವಾಟ್ಸ್ಯಾಪ್‌ನಲ್ಲಿ ಕಳೆದುಹೋಗುವುದನ್ನಂತೂ ಕೇಳಲೇಬೇಡಿ.

ವಾಲ್ಯೂಮ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಯಮಹಾ, ಡೆನಾನ್ ರಿಸೀವರ್‌ಗಳಲ್ಲಿ (ಸ್ಪೀಕರ್‌ಗಳಿಗೆ ಸದ್ದು ಕೊಡುವ ಪೆಟ್ಟಿಗೆ) ಒಂದು ಒತ್ತಿಗೆ 0.5 ಡೆಸಿಬೆಲ್ ಮಾತ್ರ ಬದಲಾಗುತ್ತದೆ. ಪಿಸುಮಾತಿನ ದೃಶ್ಯದಿಂದ ಗುಂಡಿನ ಕಾಳಗಕ್ಕೆ ಹೋದಾಗ 10 ಡೆಸಿಬೆಲ್ ಇಳಿಸಬೇಕೆಂದರೆ ಇಪ್ಪತ್ತು ಹೆಜ್ಜೆ, ಅಂದರೆ ಬಟನ್ ಹಿಡಿದೇ ಇರಬೇಕು. ಐಆರ್, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ರಿಮೋಟ್‌ನಲ್ಲಿ ಬಟನ್ ಹಿಡಿದಷ್ಟು ಹೊತ್ತು ಸಿಗ್ನಲ್ ಮತ್ತೆ ಮತ್ತೆ ಹೋಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಎನ್‌ಇಸಿ ಎಂಬ ಸಿಗ್ನಲ್ ಪದ್ಧತಿಯಲ್ಲಿ ಇದು ಸುಮಾರು 110 ಮಿಲಿಸೆಕೆಂಡಿಗೊಮ್ಮೆ. ಬೆರಳು ಎತ್ತಿದ ಕೂಡಲೇ ನಿಲ್ಲುತ್ತದೆ. ಅದೇ ಫೋನ್ ಆಪ್‌ನಿಂದ ರೌಟರ್‌ಗೆ, ರೌಟರ್‌ನಿಂದ ಹಬ್ ಎಂಬ ಪುಟ್ಟ ಪೆಟ್ಟಿಗೆಗೆ, ಹಬ್‌ನಿಂದ ಐಆರ್ ಆಗಿ ರಿಸೀವರ್‌ಗೆ ಹೋಗುವ ದಾರಿಯಲ್ಲಿ ಆದೇಶಗಳು ಸಾಲುಗಟ್ಟುತ್ತವೆ. ಬೆರಳು ತೆಗೆದ ಮೇಲೂ ವಾಲ್ಯೂಮ್ ಓಡುತ್ತಲೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ, ಮುಂಬೈ ಪಕ್ಕದ ಡೊಂಬಿವಲಿಯ ಒಂದೇ ಗೋಡೆಯ ಪಕ್ಕದ ಫ್ಲ್ಯಾಟ್‌ನವರಿಗೆ, ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಈ ಪ್ರಯೋಗ ಹೊಸದೇನಲ್ಲ. ಫಿಲಿಪ್ಸ್ 1998ರಲ್ಲೇ ಪ್ರಾಂಟೋ ಎಂಬ ಟಚ್‌ಸ್ಕ್ರೀನ್ ರಿಮೋಟ್ ತಂದಿತು, 2010ರಲ್ಲಿ ಆ ವ್ಯಾಪಾರವನ್ನೇ ಬಿಟ್ಟಿತು. ಲಾಜಿಟೆಕ್ ಕೂಡ ಹಾರ್ಮನಿ 1000 ಎಂಬ ಮಾದರಿಯಲ್ಲಿ ಹೆಚ್ಚುಕಡಿಮೆ ಇಡೀ ಮುಖವನ್ನೇ ಪರದೆ ಮಾಡಿ ನೋಡಿತು. 2015ರ ಹಾರ್ಮನಿ ಎಲೀಟ್‌ನಲ್ಲಿ ಮೇಲೆ ಸಣ್ಣ ಪರದೆ, ಕೆಳಗೆ ತುಂಬ ಬಟನ್. 2021ರ ಏಪ್ರಿಲ್‌ನಲ್ಲಿ ಹಾರ್ಮನಿ ತಯಾರಿಕೆಯೂ ನಿಂತಿತು. ಈಗ ಸೆಕೆಂಡ್ ಹ್ಯಾಂಡ್ ಹಾರ್ಮನಿ ಕಡಿಮೆ ಬೆಲೆಗೆ ಕಂಡರೆ ಎರಡು ವಿಷಯ ನೆನಪಿರಲಿ: ಅದರ ಸೆಟಪ್ ಕಂಪನಿಯ ಸರ್ವರ್ ಮೇಲೆ ನಿಂತಿದೆ, ಒಳಗಿನ ಲಿಥಿಯಂ ಬ್ಯಾಟರಿಗೆ ವಯಸ್ಸಾಗಿರುತ್ತದೆ.

ಪರದೆ ಗೆಲ್ಲುವ ಜಾಗಗಳೂ ಇವೆ, ಇಲ್ಲವೆನ್ನುವುದಿಲ್ಲ. ‘ಸಿನಿಮಾ’, ‘ಹಾಡು’, ‘ಟಿವಿ’ ಎಂದು ಚಟುವಟಿಕೆ ಆರಿಸಲು, ಸಬ್‌ವೂಫರ್ ಮಟ್ಟದಂಥ ತಿಂಗಳಿಗೊಮ್ಮೆ ಬೇಕಾಗುವ ಆದೇಶಗಳನ್ನು ಹೆಸರು ಬರೆದು ಇಡಲು ಪರದೆಯೇ ಅನುಕೂಲ. ಸೋಫಾಬ್ಯಾಟನ್ ಎಕ್ಸ್1 ಥರದವು ಇದನ್ನು ಟಚ್ ಇಲ್ಲದೆ, ಉರುಳುವ ಚಕ್ರದಿಂದ ಮಾಡಿವೆ.

ಆದರೆ ಟಚ್ಚೋ ಬಟನ್ನೋ ಎಂದು ಜಗಳವಾಡುವ ಮೊದಲು ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು: ನಿಮ್ಮ ಪೆಟ್ಟಿಗೆಗಳು ಯಾವ ದಾರಿಯಲ್ಲಿ ಕೇಳಿಸಿಕೊಳ್ಳುತ್ತವೆ? ದುಡ್ಡು ಹಾಳಾಗುವುದು ಹೆಚ್ಚಾಗಿ ಇಲ್ಲೇ. ರಿಸೀವರ್, ಪ್ರೊಜೆಕ್ಟರ್, ಬ್ಲೂ-ರೇ ಪ್ಲೇಯರ್, ಸಾಮಾನ್ಯ ಡಿಟಿಎಚ್ ಪೆಟ್ಟಿಗೆ ಬಹುತೇಕ ಐಆರ್. ಫೈರ್ ಟಿವಿ ಸ್ಟಿಕ್ ತನ್ನ ರಿಮೋಟ್ ಜೊತೆ ಮಾತಾಡುವುದು ಬ್ಲೂಟೂತ್‌ನಲ್ಲಿ. ಅದರ ವಾಲ್ಯೂಮ್ ಮತ್ತು ಪವರ್ ಬಟನ್‌ಗಳು ಟಿವಿಗೆ ಐಆರ್ ಕಳಿಸುವುದರಿಂದ ಜನ ಇಡೀ ರಿಮೋಟೇ ಐಆರ್ ಎಂದುಕೊಳ್ಳುತ್ತಾರೆ. ಪ್ಲೇಸ್ಟೇಷನ್ 5ಕ್ಕೂ ಐಆರ್ ಇಲ್ಲ. ಆಪಲ್ ಟಿವಿ 4ಕೆ ಐಆರ್ ಕೇಳುತ್ತದೆ. ಮೋಟಾರ್ ಪರದೆ, ಕರ್ಟನ್‌ಗಳು ಹೆಚ್ಚಾಗಿ 433 ಮೆಗಾಹರ್ಟ್ಸ್ ರೇಡಿಯೊ. ಬ್ರಾಡ್‌ಲಿಂಕ್ ಕಂಪನಿಯ ಹಬ್‌ಗಳಲ್ಲಿ ಆರ್‌ಎಂ4 ಮಿನಿ ಬರೀ ಐಆರ್, ಪ್ರೊ ಮಾದರಿ ಮಾತ್ರ ರೇಡಿಯೊವನ್ನೂ ಕಳಿಸುತ್ತದೆ. ಎರಡೂ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಒಂದನ್ನೇ ಆನ್ ಇಟ್ಟವರಿಗೆ ‘ಡಿವೈಸ್ ಸಿಗುತ್ತಿಲ್ಲ’ ಎನ್ನುವ ಗೋಳು ಅದಕ್ಕೇ.

ಪರೀಕ್ಷೆ ಸುಲಭ. ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿ ಅದಕ್ಕೆ ಹಿಡಿದು ಬಟನ್ ಒತ್ತಿ. ನೇರಳೆ-ಬಿಳಿ ಮಿನುಗು ಕಂಡರೆ ಆ ಬಟನ್ ಐಆರ್. ಹಿಂದಿನ ಕ್ಯಾಮೆರಾದಲ್ಲಿ ಐಆರ್ ತಡೆಯುವ ಫಿಲ್ಟರ್ ಗಟ್ಟಿಯಾಗಿರುವುದರಿಂದ ಕಾಣದೆ ಹೋಗಬಹುದು. ಪ್ರತಿ ಬಟನ್ ಬೇರೆ ಬೇರೆ ಒತ್ತಿ ನೋಡಿ.

ನಮ್ಮ ಕಡೆಯ ಟಿವಿ ಯೂನಿಟ್‌ಗಳಲ್ಲಿ ರಿಸೀವರನ್ನು ಲ್ಯಾಮಿನೇಟ್ ಬಾಗಿಲ ಹಿಂದೆ ಮುಚ್ಚಿಡುವ ರೂಢಿ. ಪ್ಲೈವುಡ್ ದಾಟಿ ಐಆರ್ ಹೋಗುವುದಿಲ್ಲ. ಬಡಗಿ ಬಂದಿರುವಾಗಲೇ ಕಪ್ಪು ಟಿಂಟ್ ಗಾಜಿನ ಬಾಗಿಲು ಹಾಕಿಸಿ, ಇಲ್ಲವೇ 3.5 ಎಂಎಂ ಜ್ಯಾಕ್‌ನ ಐಆರ್ ಎಮಿಟರ್ ತಂತಿಯನ್ನು ಒಳಗೆ ಎಳೆದು ಪೆಟ್ಟಿಗೆಯ ಐಆರ್ ಕಿಟಕಿಗೆ ಅಂಟಿಸಿ. ಅಂದಹಾಗೆ, ಮನೆಯಲ್ಲಿ ಇರುವುದು ಟಿವಿ, ಸೌಂಡ್‌ಬಾರ್, ಒಂದು ಸ್ಟಿಕ್ ಅಷ್ಟೇ ಆದರೆ ಯೂನಿವರ್ಸಲ್ ರಿಮೋಟೇ ಬೇಡ. ಟಿವಿ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ-ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲ್ ಮೂಲಕವೇ ಆದೇಶ ದಾಟಿಸುವ ವ್ಯವಸ್ಥೆ, ಆನ್ ಮಾಡಿ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಸೌಂಡ್‌ಬಾರನ್ನು ಟಿವಿಯ ಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಪೋರ್ಟ್‌ಗೇ ಚುಚ್ಚಿ. ಟಿವಿ ರಿಮೋಟ್ ಒಂದೇ ಸಾಕಾಗುತ್ತದೆ.

ಹಳೆಯ ರಿಮೋಟಿನ ಸಿಗ್ನಲನ್ನು, ಅಂದರೆ ಕೋಡನ್ನು, ಹೊಸದಕ್ಕೆ ಕಲಿಸುವಾಗ ಎರಡು ರಿಮೋಟನ್ನೂ ಮೇಜಿನ ಮೇಲೆ ಮೂತಿಗೆ ಮೂತಿ ಇಟ್ಟು ನಡುವೆ ಮೂರರಿಂದ ಐದು ಸೆಂಟಿಮೀಟರ್ ಬಿಡಿ. ಎರಡಕ್ಕೂ ಹೊಸ ಸೆಲ್ ಇರಲಿ. ಟ್ಯೂಬ್‌ಲೈಟ್, ಸಿಎಫ್‌ಎಲ್ ಆರಿಸಿ, ನೇರ ಬಿಸಿಲು ಬೀಳದಿರಲಿ. ಕೈಪಿಡಿಯಲ್ಲಿ ಹಿಡಿದಿರಿ ಎಂದಿಲ್ಲದಿದ್ದರೆ ಬಟನನ್ನು ಚುಟುಕಾಗಿ ಒತ್ತಿ. ಎನ್‌ಇಸಿಯಲ್ಲಿ ಬಟನ್ ಹಿಡಿದೇ ಇದ್ದರೆ ಮೊದಲ ಸಂದೇಶದ ನಂತರ ಹೋಗುವುದು ‘ಮತ್ತೊಮ್ಮೆ’ ಎನ್ನುವ ಗುರುತು ಮಾತ್ರ. ಅದರಲ್ಲಿ ಯಾವ ಬಟನ್ ಎಂಬ ಮಾಹಿತಿಯೇ ಇಲ್ಲ. ಅಗ್ಗದ ರಿಮೋಟ್ ಅದನ್ನೇ ಕಲಿತುಬಿಟ್ಟರೆ ದೀಪ ಮಿನುಗುತ್ತದೆ, ಕೆಲಸ ಆಗುವುದಿಲ್ಲ. ನಾಲ್ಕೈದು ಬಟನ್‌ಗೊಮ್ಮೆ ಪರೀಕ್ಷಿಸುತ್ತ ಹೋಗಿ.

ಇನ್ನೊಂದು ವಿಚಿತ್ರ ದೋಷವಿದೆ. ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಪದ್ಧತಿಯಲ್ಲಿ ಪ್ರತಿ ಹೊಸ ಒತ್ತಿಗೂ ಸಂದೇಶದೊಳಗಿನ ಒಂದು ಬಿಟ್ (0 ಅಥವಾ 1) ಬದಲಾಗುತ್ತದೆ. ಕಲಿತ ರಿಮೋಟ್ ಸದಾ ಒಂದೇ ಪ್ರತಿ ಕಳಿಸುವುದರಿಂದ, ನೀವು ಎರಡನೇ ಸಲ ಒತ್ತಿದರೂ ಪೆಟ್ಟಿಗೆ ‘ಇನ್ನೂ ಬಟನ್ ಹಿಡಿದೇ ಇದ್ದಾರೆ’ ಎಂದು ಸುಮ್ಮನಿರುತ್ತದೆ. ಒಂದೊಂದೇ ಅಂಕಿ ಒತ್ತಿದರೆ ಸರಿ, 11 ಒತ್ತಿದರೆ 1 ಮಾತ್ರ ಬರುತ್ತದೆ. ಇದಕ್ಕೆ ಮದ್ದು ಕಲಿಸುವುದಲ್ಲ, ರಿಮೋಟಿನಲ್ಲಿ ಮೊದಲೇ ತುಂಬಿರುವ ಕೋಡ್ ಪಟ್ಟಿಯಿಂದಲೇ ಆ ಸಾಧನವನ್ನು ಆಯ್ದುಕೊಳ್ಳುವುದು.

ಎಸಿಯನ್ನೂ ಇದಕ್ಕೇ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಎಸಿ ರಿಮೋಟ್ ‘ಒಂದು ಡಿಗ್ರಿ ಏರಿಸು’ ಎಂದು ಹೇಳುವುದಿಲ್ಲ, ‘ಕೂಲ್, 25, ಫ್ಯಾನ್ ಮಧ್ಯಮ’ ಎಂದು ಇಡೀ ಸ್ಥಿತಿಯನ್ನೇ ಒಂದು ಉದ್ದ ಸಂದೇಶವಾಗಿ ಕಳಿಸುತ್ತದೆ. ಹಾಗಾಗಿ ಏರಿಸುವ ಬಟನ್ ಕಲಿಸಿದರೆ ಅದು ಸದಾ ಒಂದೇ ತಾಪಮಾನಕ್ಕೆ ಹೋಗಿ ಕೂರುತ್ತದೆ. ‘25 ಕೂಲ್’ ಒಂದು, ‘ಆಫ್’ ಒಂದು, ಎರಡೇ ಕಲಿಸಿ. ಅಗ್ಗದ ರಿಮೋಟ್‌ಗಳ ನೆನಪಿಗೆ ಆ ಉದ್ದವೂ ಹಿಡಿಸದಿರಬಹುದು.

ಒಂದೇ ಬಟನ್‌ಗೆ ಎಲ್ಲ ಆನ್ ಆಗುವ ಮ್ಯಾಕ್ರೊ ಕೆಡುವುದು ಹೆಚ್ಚಾಗಿ ಪವರ್ ಬಟನ್‌ನಿಂದ. ಒಂದೇ ಕೋಡ್ ಆನ್ ಮತ್ತು ಆಫ್ ಎರಡೂ ಮಾಡಿದರೆ, ಟಿವಿ ಆಗಲೇ ಆನ್ ಇದ್ದಾಗ ಮ್ಯಾಕ್ರೊ ಅದನ್ನು ಆಫ್ ಮಾಡಿಬಿಡುತ್ತದೆ. ಸೋನಿ, ಎಲ್‌ಜಿ, ಸ್ಯಾಮ್‌ಸಂಗ್ ಟಿವಿಗಳಿಗೆ ಆನ್, ಆಫ್ ಬೇರೆ ಬೇರೆ ಕೋಡ್‌ಗಳಿವೆ, ಆದರೆ ಮೂಲ ರಿಮೋಟ್‌ನಲ್ಲಿ ಆ ಬಟನ್‌ಗಳಿರುವುದಿಲ್ಲ. ಆದ್ದರಿಂದ ಕಲಿಸಿ ಪಡೆಯಲಾಗದು, ಕೋಡ್ ಪಟ್ಟಿ ಇರುವ ರಿಮೋಟೇ ಬೇಕು. ಕ್ರಮ ಹೀಗಿಡಿ: ಟಿವಿ ಆನ್, ರಿಸೀವರ್ ಆನ್, ಆರೇಳು ಸೆಕೆಂಡ್ ವಿರಾಮ, ನಂತರ ರಿಸೀವರ್ ಇನ್‌ಪುಟ್. ವಿರಾಮ ಕಡಿಮೆಯಾದರೆ ಇನ್ನೂ ಎದ್ದಿರದ ರಿಸೀವರ್‌ಗೆ ಇನ್‌ಪುಟ್ ಆದೇಶ ಕೇಳಿಸುವುದೇ ಇಲ್ಲ. ಪ್ರೊಜೆಕ್ಟರ್ ಇದ್ದರೆ ಎಲ್ಲ ಆಫ್ ಮಾಡುವ ಮ್ಯಾಕ್ರೊದಲ್ಲಿ ಪವರ್ ಎರಡು ಸಲ ಬೇಕು, ನಡುವೆ ಒಂದೆರಡು ಸೆಕೆಂಡ್ ಬಿಡಿ. ಮೊದಲನೆಯದಕ್ಕೆ ಅದು ‘ಆಫ್ ಮಾಡಲೇ?’ ಎಂದು ಕೇಳುತ್ತದೆ. ಫ್ಯಾನ್ ನಿಲ್ಲುವವರೆಗೆ ಗೋಡೆಯ ಸ್ವಿಚ್ ಮುಟ್ಟಬೇಡಿ. ಹಬ್ ಇಲ್ಲದ ರಿಮೋಟ್ ಆದರೆ ಮ್ಯಾಕ್ರೊ ಮುಗಿಯುವ ತನಕ ಮೂತಿ ಪೆಟ್ಟಿಗೆಗಳ ಕಡೆಗೇ ಇರಲಿ. ಅರ್ಧದಲ್ಲಿ ಮಡಿಲಿಗೆ ಹಾಕಿಕೊಂಡರೆ ಅರ್ಧವೇ ಆನ್ ಆಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಗೋವಾ ಕರಾವಳಿಯ ಉಪ್ಪುಗಾಳಿ ಎರಡು ಜಾತಿಯ ರಿಮೋಟನ್ನೂ ಕಾಡುತ್ತವೆ. ಟಚ್‌ಸ್ಕ್ರೀನ್‌ಗೆ ಒದ್ದೆ ಬೆರಳು ಅರ್ಥವಾಗುವುದಿಲ್ಲ, ಚಾರ್ಜಿಂಗ್ ಡಾಕ್‌ನ ಪಿನ್‌ಗಳು ಹಸಿರುಗಟ್ಟುತ್ತವೆ. ಬಟನ್ ರಿಮೋಟ್‌ನಲ್ಲಿ ಸೆಲ್ ಸೋರುತ್ತದೆ, ಬಟನ್ ಗಟ್ಟಿ ಒತ್ತಿದರೆ ಮಾತ್ರ ಕೇಳುತ್ತದೆ. ವ್ಯತ್ಯಾಸ ಏನೆಂದರೆ ಎರಡನೆಯದನ್ನು ಮನೆಯಲ್ಲೇ ಸರಿಮಾಡಬಹುದು. ಸೆಲ್ ತೆಗೆದು, ಸೆಲ್ ಗೂಡಿನ ಸ್ಕ್ರೂ ಬಿಚ್ಚಿ, ಹಳೆಯ ಎಟಿಎಂ ಕಾರ್ಡಿನಿಂದ ಅಂಚು ಬಿಡಿಸಿ. ರಬ್ಬರ್ ಹಾಳೆಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಸರ್ಕ್ಯೂಟ್ ಹಲಗೆಯ ಕಪ್ಪು ಚುಕ್ಕಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. ಮರಳು ಕಾಗದ ಬೇಡ, ಕಾರ್ಬನ್ ಪದರವೇ ಹೋಗುತ್ತದೆ. ಆಲ್ಕಲೈನ್ ಸೆಲ್ ಸೋರಿದ ಬಿಳಿ ಪುಡಿಗೆ ಮೊದಲು ಎರಡು ಹನಿ ವಿನೆಗರ್, ಆಮೇಲೆ ಆಲ್ಕೊಹಾಲ್.

ಕೊಳ್ಳಲು ಮುಂಬೈನಲ್ಲಿ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಠೆ ಕಡೆ ಹೋಗುವುದಾದರೆ ನಿಮ್ಮ ರಿಸೀವರ್‌ನ ಮೂಲ ರಿಮೋಟನ್ನೂ ಜೊತೆಗೆ ಒಯ್ಯಿರಿ. ಅಂಗಡಿಯಲ್ಲೇ ಎರಡು ಬಟನ್ ಕಲಿಸಿ ನೋಡಿ. ಕಣ್ಣು ಮುಚ್ಚಿಕೊಂಡು ವಾಲ್ಯೂಮ್, ಪಾಜ್, ಬ್ಯಾಕ್ ಹುಡುಕಿ ನೋಡಿ, ಯಾರಾದರೂ ನಕ್ಕರೆ ನಗಲಿ. ನಂಬರ್ ಕೀಲಿಗಳು ಇವೆಯೇ ಎಂದೂ ನೋಡಿಕೊಳ್ಳಿ. ಹೊಸ ಯೂನಿವರ್ಸಲ್ ರಿಮೋಟ್‌ಗಳು ಹಲವು ಅವನ್ನು ಕೈಬಿಟ್ಟಿವೆ. ಊರಿಂದ ಬಂದ ಅತ್ತೆ-ಮಾವನಿಗೆ ಸಂಜೆ ಏಳರ ಕನ್ನಡ ಸೀರಿಯಲ್ ಎಂದರೆ ಡಿಟಿಎಚ್‌ನ ಚಾನೆಲ್ ನಂಬರ್. ಕೀಲಿ ಇಲ್ಲದ ರಿಮೋಟೇ ಇಷ್ಟವಾದರೆ ಅವರು ನೋಡುವ ನಾಲ್ಕು ಚಾನೆಲ್‌ಗಳಿಗೆ ಬಣ್ಣದ ನಾಲ್ಕು ಬಟನ್‌ಗಳಲ್ಲಿ ಮ್ಯಾಕ್ರೊ ಇಡಿ, ಅಂಕಿಗಳ ನಡುವೆ ಅರ್ಧ ಸೆಕೆಂಡ್ ವಿರಾಮ ಕೊಡಿ. ಡಿಟಿಎಚ್‌ನವರು ಚಾನೆಲ್ ನಂಬರ್ ಬದಲಿಸಿದಾಗ ಮ್ಯಾಕ್ರೊವನ್ನೂ ಬದಲಿಸಬೇಕಾಗುತ್ತದೆ.