ಹಾರ್ನ್‌ಗೆ ಇರುವುದು ಒಂದೇ ದನಿ

ಸಿಗ್ನಲ್ ಹಸಿರಾಗಿ ಎರಡು ಸೆಕೆಂಡೂ ಆಗಿರಲಿಲ್ಲ, ಹಿಂದಿನ ಕಾರಿನವರು ಹಾರ್ನ್ ಒತ್ತಿ ಹಿಡಿದರು. ನನಗೂ ಸಿಟ್ಟು ನೆತ್ತಿಗೇರಿತು. ಸ್ಟೇರಿಂಗ್ ಮೇಲೆ ಕೈ ಬಿಗಿಯಾಯಿತು.

ನಡೆಯುವಾಗ ಭುಜ ತಾಗಿದರೆ ಇದೇ ನಾವು ಸಾರಿ ಹೇಳಿ ಪಕ್ಕಕ್ಕೆ ಸರಿಯುತ್ತೇವೆ, ಅಲ್ವಾ? ಗಾಡಿಯೊಳಗೆ ಕೂತರೆ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಉಳಿಯುವುದು ಹಾರ್ನ್ ಒಂದೇ. ಅದರಲ್ಲಿ ‘ಸ್ವಲ್ಪ ದಾರಿ ಬಿಡಿ’ ಅನ್ನುವುದೂ ಬೈಗುಳದ ಹಾಗೇ ಕೇಳಿಸುತ್ತದೆ. ನಾವು ಅಡ್ಡ ನುಗ್ಗಿದರೆ ಅವಸರ ಇತ್ತು ಅನ್ನುತ್ತೇವೆ. ಬೇರೆಯವರು ನುಗ್ಗಿದರೆ ಸೊಕ್ಕು.

ಆ ಅವಸರದ ಲೆಕ್ಕವನ್ನೂ ಹಾಕಿ ನೋಡಿದೆ. 5 ಕಿಲೋಮೀಟರ್ ದಾರಿಗೆ ಗಂಟೆಗೆ 50ರ ಬದಲು 60 ಕಿಲೋಮೀಟರ್ ವೇಗದಲ್ಲಿ ಹೋದರೆ ಉಳಿಯುವುದು ಬರೀ 1 ನಿಮಿಷ.

ಮನೆಗೆ ಬಂದು ಅರ್ಧ ಗಂಟೆಯಾಯಿತು. ಮನಸ್ಸು ಇನ್ನೂ ಪೂರ್ತಿ ತಣ್ಣಗಾಗಿಲ್ಲ.