ಎರಡು ಬೆರಳಲ್ಲಿ ಎತ್ತಿದ ಕೌದಿ

ಮೊನ್ನೆ ರವಿವಾರ ದೊಡ್ಡವ್ವ ಬಂದಿದ್ದಳು. ಪಡಸಾಲೆಯ ಹೊರಸಿನ ಮೇಲೆ ಕೌದಿ ಹಾಸಿತ್ತು. ಕೂಡುವ ಮೊದಲು ಅವ್ವನನ್ನು ಕೇಳಿದಳು, "ಇದು ಅವ ಹೊಲದದ್ದಲ್ಲೇನ?" ಅವ್ವ ಹಿಗ್ಗಿನಿಂದ, "ಹೌದಕ್ಕ, ನಮ್ಮ ಹುಡುಗನ ಹೊಲದಾನ" ಅಂದಳು. ದೊಡ್ಡವ್ವ ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಕೌದಿಯ ಮೂಲೆ ಹಿಡಿದು ಎತ್ತಿ, ಟ್ರಂಕಿನ ಮೇಲೆ ಇಟ್ಟು, ಬರೀ ನವಾರದ ಮೇಲೆ ಕೂತಳು. ಆಮೇಲೆ ಮಂಡಾಳೊಗ್ಗರಣಿ ತಿಂದಳು, ಚಹಾ ಕುಡಿದಳು, ನನ್ನ ಮಗಳ ಜಡೆ ಹೊಗಳಿದಳು.

ಅವತ್ತಿನಿಂದ ಆ ಎರಡು ಬೆರಳು ಕಣ್ಣ ಮುಂದೆಯೇ ಇವೆ. ಹಾಜರಿ ಕರೆಯುವಾಗ, ಊಟಕ್ಕೆ ಕೂತಾಗ, ರಾತ್ರಿ ಮಗ್ಗಲು ಬದಲಿಸುವಾಗ. ಬೈದಿದ್ದರೆ ತಿರುಗಿ ಅನ್ನಬಹುದಿತ್ತು. ಬೆರಳಿಗೆ ಏನಂತ ಉತ್ತರ ಕೊಡೋದು?

ದೊಡ್ಡವ್ವ ಕೆಟ್ಟವಳಲ್ಲ. ಅಪ್ಪ ತೀರಿಕೊಂಡಾಗ ಹದಿಮೂರು ದಿನ ನಮ್ಮ ಮನೆಯಲ್ಲೇ ಉಳಿದು ಒಲೆ ನೋಡಿಕೊಂಡವಳು. ಆದರೆ ಕ್ಷಯ ಅಂದರೆ ಅವಳಿಗೆ ಅವಳ ಕಾಲದ ಕ್ಷಯವೇ.

ಹೋದ ಬೇಸಿಗೆಯಲ್ಲಿ ನನಗೆ ಅದಾಗಿತ್ತು. ಗುಳಿಗೆ ಸುರುವಾದ ಮೇಲೆ ಸುಮಾರು ಎರಡು ವಾರ ಬೇರೆ ಇರಿ, ಅಷ್ಟರಲ್ಲಿ ಹರಡುವ ಜೋರು ಇಳಿಯುತ್ತೆ, ಗುಳಿಗೆ ಮಾತ್ರ ಆರು ತಿಂಗಳು ಬಿಡಬೇಡಿ ಅಂದರು ಡಾಕ್ಟರು. ಕೆಮ್ಮಿದಾಗ ಗಾಳಿಯಲ್ಲಿ ಹರಡುವ ರೋಗ ಇದು, ಬಟ್ಟೆಯಿಂದಲ್ಲ, ತಾಟಿನಿಂದಲ್ಲ. ನಾನೇ ವಿಜ್ಞಾನದ ಮಾಸ್ತರ, ಎಂಟನೆಯ ತರಗತಿಗೆ ಇದನ್ನೇ ಪಾಠ ಮಾಡಿದವನು. ಆದರೂ ಮಾಳಿಗೆ ಕೋಣೆ ಸೇರಿದ ಮೊದಲನೆಯ ದಿನವೇ ನನ್ನ ತಾಟಿಗೆ ಮೊಳೆಯಿಂದ ಗೀರಿ ಗುರುತು ಮಾಡಿಕೊಂಡೆ. ಯಾರೂ ಹೇಳಿರಲಿಲ್ಲ. ಆ ಎರಡು ಬೆರಳು ನನ್ನಲ್ಲೂ ಇದ್ದವು ಅಂತ ಈಗ ಬರೆಯುವಾಗ ಹೊಳೆಯುತ್ತಿದೆ.

ಕೊಪ್ಪಳದ ಬೇಸಿಗೆಯಲ್ಲಿ ಮಾಳಿಗೆ ಕೋಣೆ ಅಂದರೆ ಹಂಚಿನ ಮೇಲಿನ ರೊಟ್ಟಿ. ಕಿಟಕಿಯಲ್ಲಿ ಕೋಟೆ ಗುಡ್ಡ, ತಲೆಯ ಮೇಲೆ ಬಿಸಿಗಾಳಿ ತಿರುವುವ ಫ್ಯಾನು. ಗುಳಿಗೆಗೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದ್ದು ನೋಡಿ ರಕ್ತವೇ ಅಂತ ಎದೆ ಧಸಕ್ಕೆಂದಿತ್ತು. ಅದು ಔಷಧದ ಬಣ್ಣ ಅಂತ ಫೋನಿನಲ್ಲಿ ತಿಳಿಯಿತು. ಮಗಳು ಮೆಟ್ಟಿಲ ಮೂರನೆಯ ಪಾವಟಿಗೆಯಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದಳು. ನಾಲ್ಕನೆಯದಕ್ಕೆ ಕಾಲಿಟ್ಟರೆ ಕೆಳಗಿನಿಂದ ಯಾರಾದರೂ ಕೂಗುತ್ತಿದ್ದರು. ರಾತ್ರಿ ಮೂರಕ್ಕೆ ಎಚ್ಚರ. ಎದ್ದು ಕೂತರೆ, ಇಷ್ಟು ವರ್ಷದಲ್ಲಿ ನಾನು ಮಾಡಿದ ತಪ್ಪುಗಳೆಲ್ಲ ಹಾಜರಿ ಹಾಕಲು ಸಾಲಾಗಿ ನಿಂತಿರುತ್ತಿದ್ದವು.

ಐದನೆಯ ದಿನ ಅವ್ವ ಬಾಗಿಲ ಹೊರಗೆ ಒಂದು ಗಂಟು ಇಟ್ಟು ಹೋದಳು. ಅರ್ಧ ಹೊಲಿದು ಬಿಟ್ಟ ಕೌದಿ, ಸೂಜಿ, ಒಂದು ಉಂಡೆ ದಾರ. ಕೆಳಗಿನಿಂದ ಕೂಗಿ ಹೇಳಿದಳು, "ನನ್ನ ಕಣ್ಣು ಕಾಣವಲ್ಲವು ತಮ್ಮಾ, ದಾರ ಪೋಣಿಸಾಕೂ ಆಗವಲ್ದು. ನೀ ಒಂದೆರಡು ಸುತ್ತು ಹಾಕು."

ಗಂಡಸಾಗಿ ಕೌದಿಯೇ ಅಂತ ಒಂದು ದಿನ ಮುಟ್ಟಲಿಲ್ಲ. ಮರುದಿನ ಬೇಸರಕ್ಕೆ ಬಿಚ್ಚಿದೆ. ಒಳಗೆ ಅಪ್ಪನ ಧೋತರದ ಪದರು, ಮೇಲೆ ಅವ್ವನ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು, ಮಗಳ ಹಳೆ ಯೂನಿಫಾರ್ಮು, ಯಾವುದೋ ಮದುವೆಯಲ್ಲಿ ಆಹೇರಿ ಬಂದ ಜಂಪರಿನ ಬಟ್ಟೆ. ಅಂಚಿನಿಂದ ಸುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ನನ್ನ ಮೊದಲ ಸುತ್ತು ಕುಡಿದವನ ನಡಿಗೆ. ಅವ್ವ ಅಂಗಳದಿಂದಲೇ ಎತ್ತಿ ತೋರಿಸು ಅಂದಳು, ನೋಡಿ ನಕ್ಕಳು: "ಇದು ಕೌದಿ ಅಲ್ಲೋ, ಎತ್ತಿನ ಝೂಲ!"

ಯಾವ ತ್ಯಾಪಿಯ ಪಕ್ಕ ಯಾವುದು ಅನ್ನುವುದೇ ದೊಡ್ಡ ಚಿಂತೆಯಾಯಿತು. ಗೂಡಿನಲ್ಲೊಂದು ಕಿನ್ನಾಳ ಗೊಂಬೆ ಇತ್ತು. ಪಕ್ಕದೂರಿನ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಸರಿ ಹಚ್ಚಿ ಬಣ್ಣ ಕೊಟ್ಟದ್ದು. ಕೆಂಪಿನ ಪಕ್ಕ ಹಸಿರನ್ನು ಅಷ್ಟು ಧೈರ್ಯವಾಗಿ ಇಡಬಹುದು ಅಂತ ಅದನ್ನು ನೋಡಿಯೇ ಕಲಿತೆ. ಸೂಜಿ ಬೆರಳಿಗೆ ಚುಚ್ಚಿದಾಗ ಮಾತ್ರ ತಲೆ ಮೇಲೆತ್ತುತ್ತಿದ್ದೆ. ನೋಡಿದರೆ ಗುಡ್ಡದ ನೆರಳು ಆಚೆ ಹೋಗಿರುತ್ತಿತ್ತು.

ಬೆಂಗಳೂರಿನ ನಮ್ಮ ಭಾವನಿಗೆ ಎಲ್ಲದಕ್ಕೂ ಒಂದು ಲಿಂಕು ಇರುತ್ತದೆ. ಕಲೆಯಿಂದ ಆರೋಗ್ಯಕ್ಕೆ ಏನು ಲಾಭ ಅಂತ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ ವರದಿ ಕಳಿಸಿದ. ನಾನಾಗ ಏಳನೆಯ ಸುತ್ತಿನಲ್ಲಿದ್ದೆ. ಒಳ್ಳೆಯ ಮನುಷ್ಯ, ಆದರೆ ಒಂದು ಸಲ ಫೋನು ಮಾಡಿ "ಉಂಡೀಯಾ?" ಅಂತ ಕೇಳಲಿಲ್ಲ.

ಕೌದಿ ಹೊಲಿದು ಎಲ್ಲ ಸರಿಹೋಯಿತು ಅಂತ ನಾನು ಹೇಳುವವನಲ್ಲ. ಒಂದು ರಾತ್ರಿ ಸೂಜಿಯೂ ಬೇಡವಾಗಿ 14416ಕ್ಕೆ, ಮನಸ್ಸಿನ ಕಷ್ಟ ಕೇಳುವ ಸರಕಾರದ ಸಹಾಯವಾಣಿ ಟೆಲಿ ಮನಸ್‌ಗೆ, ಫೋನು ಹಚ್ಚಿದೆ. ಆ ಹೊತ್ತಿನಲ್ಲೂ ಒಬ್ಬರು ಕನ್ನಡದಲ್ಲೇ ಮಾತಾಡಿದರು. ನಿದ್ದೆಯ ಸಂಗತಿ ಡಾಕ್ಟರಿಗೆ ಹೇಳಿ ಅಂದರು, ಹೇಳಿದೆ. ಗುಳಿಗೆಯ ಕೆಲಸ ಗುಳಿಗೆ ಮಾಡಿತು. ಎರಡು ಗುಳಿಗೆಗಳ ನಡುವಿನ ಹೊತ್ತು ಮಾತ್ರ ಆ ಧೋತರ, ಆ ಸೆರಗು, ಆ ಯೂನಿಫಾರ್ಮಿನ ಜೊತೆ ಕಳೆಯಿತು. ಒಬ್ಬನೇ ಇದ್ದೆ ಅಂತ ಹೇಗೆ ಹೇಳಲಿ, ಮನೆಮಂದಿಯೆಲ್ಲ ನನ್ನ ತೊಡೆಯ ಮೇಲೆ ಹರಡಿಕೊಂಡಿದ್ದರು. ಹದಿನೈದು ದಿನಕ್ಕೆ ಕೆಳಗಿಳಿದೆ. ಒಂಟಿತನ ಸುರುವಾದದ್ದು ನೋಡಿದರೆ ಆಮೇಲೆಯೇ: ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಆಚೆ ಸರಿಯಿತು, ಚಹಾ ನನಗೆ ಮಾತ್ರ ಕಾಗದದ ಕಪ್ಪಿನಲ್ಲಿ ಬಂತು. ಕೋರ್ಸು ಮುಗಿದು, ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದ ಮೇಲೂ.

ದೊಡ್ಡವ್ವನ ಆಟೋ ತಿರುವು ದಾಟಿದ ಮೇಲೆ ಅವ್ವ ಟ್ರಂಕಿನ ಮೇಲಿನ ಕೌದಿ ತಂದು ಮತ್ತೆ ಹೊರಸಿಗೆ ಹಾಸಿದಳು. ಎತ್ತಿದ್ದ ಆ ಮೂಲೆಯಲ್ಲಿ ಹೊಲಿಗೆ ಬಿಚ್ಚಿತ್ತು. ನನ್ನ ಮೊದಲ ಸುತ್ತು, ಬಿಚ್ಚದೆ ಇನ್ನೇನು. ಗೂಡಿನಿಂದ ಸೂಜಿ ತೆಗೆದು, ದಾರದ ತುದಿ ನಾಲಿಗೆಗೆ ತಾಗಿಸಿ, ದೀಪ ಹಚ್ಚುವ ಮೊದಲಿನ ಆ ಮಬ್ಬಿನಲ್ಲಿ ಒಂದೇ ಏಟಿಗೆ ಪೋಣಿಸಿದಳು.

"ಏನಬೇ, ನಿನ್ನ ಕಣ್ಣು ಕಾಣವಲ್ಲವು ಅಂತಿದ್ದೆಲ್ಲ?"

"ಆವಾಗ ಕಾಣತಿದ್ದಿಲ್ಲ," ಅಂದಳು ಅವ್ವ, ತಲೆ ಎತ್ತದೆ. "ಆ ಕಡೆ ತುದಿ ಹಿಡಿ."